ಬೇಬಿಯಕ್ಕನ ನೀಲಿ ಮೊಲಗಳು

“ಅಮ್ಮಾ, ಬೇಬಿಯಕ್ಕ ಮೊಲಗಳಿಗೆ ನೀಲ ಹಾಕಿ ಒಗೆಯುವುದಾ?”

ವನಜಾಕ್ಷಿ ಕಾವಲಿಯ ಮುಂದೆ ನಿಂತಿದ್ದಳು. ಎಂಟೂಕಾಲಿನ ಬಸ್ಸು ತಪ್ಪಿದರೆ ಮಣಿಪಾಲ ಮುಟ್ಟುವಾಗ ಒಂಬತ್ತೂವರೆ. ಐದು ವರ್ಷದ ಅಂಬಿಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತ ನಿಂತರೆ ದೋಸೆ ಕರಟುವುದು ಖಂಡಿತ.

“ಒಗೆಯುವುದು ಬಟ್ಟೆಯನ್ನು ಮಗಾ. ಮೊಲವನ್ನು ಯಾರೂ ಒಗೆಯುವುದಿಲ್ಲ. ಬೇಗ ತಿನ್ನು.”

“ಮತ್ತೆ ಅವುಗಳ ಕುತ್ತಿಗೆ ಯಾಕೆ ನೀಲಿ? ಅಪ್ಪನ ಬಿಳಿ ಅಂಗಿಗೆ ನೀಲ ಹೆಚ್ಚಾದರೆ ಆಗುತ್ತದಲ್ಲ, ಹಾಗೆಯೇ ಉಂಟು.”

ಪೇಪರಿನ ಹಿಂದಿನಿಂದ ಅಂಬಿಯ ಅಪ್ಪ ಯಜ್ಞನಾರಾಯಣ ನಕ್ಕ. “ಹಾಕಿದ್ದರೂ ಹಾಕಿರಬಹುದು ಮಾರಾಯ್ತಿ. ಬೇಬಿ ಅಲ್ವಾ!”

ಅಲೆವೂರಿನಲ್ಲಿ ಬೇಬಿಯ ಬಗ್ಗೆ ಏನು ಹೇಳಿದರೂ ಜನ ನಂಬುತ್ತಿದ್ದರು. ನಲವತ್ತಮೂರು ವರ್ಷದ ಆಕೆಯನ್ನು ಊರಿಡೀ ಬೇಬಿ ಎಂದೇ ಕರೆಯುತ್ತಿತ್ತು. ಮದುವೆಯ ಮಾತು ತೆಗೆದವರಿಗೆಲ್ಲ “ಆಗಬಹುದಿತ್ತು, ಪುರುಸೊತ್ತು ಬೇಕಲ್ಲ?” ಎಂದು ಹೇಳಿ ಹೇಳಿಯೇ ಆ ವಯಸ್ಸನ್ನು ದಾಟಿಸಿದವಳು. ಐದನೆಯ ತರಗತಿಯವರೆಗೆ ಓದು, ಆಮೇಲೆ ಇಪ್ಪತ್ತು ವರ್ಷ ಬೀಡಿ ಕಟ್ಟುವುದು. ಬೀಡಿ ಕಟ್ಟಿ ಕಟ್ಟಿ ಅವಳ ಬೆರಳುಗಳಿಗೆ ಸುಮ್ಮನಿರುವ ಅಭ್ಯಾಸವೇ ತಪ್ಪಿಹೋಗಿತ್ತು. ಮಾತನಾಡುವಾಗಲೂ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿದ್ದಳು.

ನಾಲ್ಕು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ, ಊಟಿಯ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ ಅವಳ ಮಾವ ಊರಿಗೆ ಬಂದವರು ಬ್ರೆಡ್ಡಿನ ಪೆಟ್ಟಿಗೆಯಲ್ಲಿ ಒಂದು ಜೋಡಿ ಮೊಲ ತಂದರು. ಅಂಗೋರಾ ಜಾತಿ. ಕಣ್ಣು ಎಲ್ಲಿ, ಬಾಯಿ ಎಲ್ಲಿ ಎಂದು ಹುಡುಕಬೇಕು, ಅಷ್ಟು ಕೂದಲು. ಮೂರು ತಿಂಗಳಿಗೊಮ್ಮೆ ಕತ್ತರಿಸಿ ನೂಲು ತೆಗೆಯಬಹುದು ಎಂದರು ಮಾವ. ಊರವರು ಬಂದು ನೋಡಿ ನಕ್ಕರು. “ಸ್ವೆಟರ್ ಹಾಕಿಕೊಂಡು ಉಡುಪಿಗೆ ಬಂದಿವೆಯಲ್ಲ ಬೇಬೀ, ಸೆಕೆಗೆ ಎಂಟು ದಿನವೂ ಉಳಿಯುವುದಿಲ್ಲ” ಎಂದರು.

ಉಳಿದವು. ಮನೆಯ ಹಿಂದೆ ಹಳೆಯ ಕಲ್ಲುಕೋರೆಯೊಂದಿತ್ತು. ಕೆಂಪು ಕಲ್ಲು ಕಡಿದು ಮುಗಿಸಿ ಬಿಟ್ಟ, ಆಳೆತ್ತರದ ಚೌಕ ಹೊಂಡ. ಏಪ್ರಿಲಿನ ಮಧ್ಯಾಹ್ನದಲ್ಲೂ ಅದರ ಗೋಡೆ ಮುಟ್ಟಿದರೆ ತಣ್ಣಗೆ. ಬೇಬಿ ಅದರ ನೆಲವನ್ನು ಎತ್ತರಿಸಿ, ನೀರು ಹೊರಗೆ ಹೋಗಲು ಕಣಿ ತೋಡಿಸಿ, ಮೇಲೆ ತೆಂಗಿನ ಮಡಲಿನ ಮಾಡು ಕಟ್ಟಿಸಿ ಮೊಲಗಳನ್ನು ಅಲ್ಲಿಳಿಸಿದಳು. ಬೇಸಗೆಯಲ್ಲಿ ಒದ್ದೆ ಗೋಣಿ ತೂಗುಬಿಟ್ಟಳು. ಶಾಲೆಯಲ್ಲಿ ಕಲಿತಿದ್ದ ತಕಲಿ ಮತ್ತೆ ಕೈಗೆ ಬಂತು. ನೂತ ನೂಲು ಕಾಪುವಿನಲ್ಲಿ ಹೆಣಿಗೆ ಮಾಡುವ ಆಲಿಸ್ ಬಾಯಿಯ ಮನೆಗೆ ಹೋಗಿ ಎಳೆಮಕ್ಕಳ ಟೊಪ್ಪಿಯಾಗುತ್ತಿತ್ತು. ಅಂಬಿ ಹುಟ್ಟಿ ಒಂದು ವರ್ಷಕ್ಕೆ ಹಾಕಿದ ಟೊಪ್ಪಿ ಅಂಥದ್ದೇ.

ಬೇಬಿ ಮೊಲಗಳ ಜೊತೆ ತುಳುವಿನಲ್ಲಿ ಮಾತನಾಡುತ್ತಿರಲಿಲ್ಲ. ಹಸು, ನಾಯಿ, ಕೋಳಿ ಎಲ್ಲದಕ್ಕೂ ತುಳು. ಮೊಲಗಳಿಗೆ ಮಾತ್ರ ಕನ್ನಡ, ಅದೂ ಬಹುವಚನದಲ್ಲಿ. “ಅವು ಘಟ್ಟದ ಮೇಲಿನವು ಅಲ್ವಾ, ತುಳು ಎಲ್ಲಿ ಬರಬೇಕು?” ಎನ್ನುವಳು. “ದಯವಿಟ್ಟು ಸ್ವಲ್ಪ ಆಚೆಗೆ ಸರಿಯಿರಿ, ಗುಡಿಸಬೇಕು” ಎಂದು ಅವಳು ಹೇಳುವುದನ್ನು ಕೇಳಲಿಕ್ಕೆಂದೇ ಶಾಲೆ ಮಕ್ಕಳು ಹೊಂಡದ ಅಂಚಿನಲ್ಲಿ ಕೂರುತ್ತಿದ್ದರು.

ವನಜಾಕ್ಷಿ ಮಣಿಪಾಲದ ಆಸ್ಪತ್ರೆಯಲ್ಲಿ ರಕ್ತ, ಕೀವು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಬಾಲವಾಡಿ ಬಿಟ್ಟ ಅಂಬಿ ಸಂಜೆಯವರೆಗೆ ಇರುತ್ತಿದ್ದುದು ಬೇಬಿಯ ಮನೆಯಲ್ಲಿ. ಹಾಗಾಗಿ ಅಂದು ಸಂಜೆ ಮಗುವನ್ನು ಕರೆದುಕೊಂಡು ಬರಲು ಹೋದವಳು, ಬೆಳಗಿನ ಪ್ರಶ್ನೆ ನೆನಪಾಗಿ, ಕೊಡೆ ಮಡಚಿ ಹೊಂಡಕ್ಕೆ ಇಳಿದಳು.

ಆಟಿ ತಿಂಗಳ, ಎಂದರೆ ಆಷಾಢದ ಮಳೆ. ಒಳಗೆ ಮಬ್ಬು. ಹದಿನಾಲ್ಕು ಮೊಲಗಳಲ್ಲಿ ಒಂಬತ್ತರ ಗದ್ದದ ಕೆಳಗೆ, ಜೋಲುವ ಮಡಿಕೆಯಿರುವಲ್ಲಿ, ಕೂದಲು ತೊಪ್ಪೆಯಾಗಿ ಅಂಟಿಕೊಂಡಿತ್ತು. ಬಣ್ಣ ನೀಲಿಯೂ ಅಲ್ಲ, ಹಸಿರೂ ಅಲ್ಲ, ನವಿಲಿನ ಕತ್ತಿನ ಹಾಗೆ. ಬೆರಳಿನಿಂದ ಬಿಡಿಸಿ ನೋಡಿದರೆ ಅಡಿಯಲ್ಲಿ ಚರ್ಮ ಕೆಂಪಗೆ, ರಸ ಒಸರುತ್ತಿದೆ. ಜೊತೆಗೊಂದು ವಾಸನೆ, ಹಳಸಿದ ದ್ರಾಕ್ಷಿಯ ಹಾಗೆ ಸಿಹಿಸಿಹಿ.

ಆ ವಾಸನೆಯನ್ನು ಅವಳು ಬಲ್ಲಳು. ಎಲ್ಲಿ ಎಂದು ಹೊಳೆಯಲಿಲ್ಲ. ಹೊಳೆದದ್ದು ಒಂದೇ, ಇದು ಅಂಟುವ ಕಾಯಿಲೆ, ಅಂಬಿ ದಿನವಿಡೀ ಇವುಗಳನ್ನು ಎತ್ತಿಕೊಂಡು ಓಡಾಡುತ್ತಾಳೆ.

“ಎಷ್ಟು ದಿನ ಆಯ್ತು ಬೇಬಿಯಕ್ಕ?”

“ಹತ್ತು ದಿನ. ಮೊದಲು ಒಂದಕ್ಕೆ ಇತ್ತು. ತೆಂಗಿನೆಣ್ಣೆ ಹಚ್ಚಿದೆ. ಮತ್ತೆ ಎರಡಕ್ಕೆ ಬಂತು, ಅವಕ್ಕೂ ಹಚ್ಚಿದೆ. ಹಚ್ಚಿದ ಹಾಗೆ ಹೆಚ್ಚಾಗ್ತಾ ಉಂಟು. ಎಂತ ಮಾಡುದು ವನಜಮ್ಮ?”

ವನಜಾಕ್ಷಿ ಮಗಳ ಕೈ ಹಿಡಿದು ಮನೆಗೆ ನಡೆದಳು. ಬಚ್ಚಲಲ್ಲಿ ಕೂರಿಸಿ ಮೊಣಕೈವರೆಗೆ ಸೋಪು ಹಾಕಿ ಎರಡೆರಡು ಸಲ ತಿಕ್ಕಿದಳು. ಉಗುರಿನ ಸಂದಿಯನ್ನೂ ಬಿಡಲಿಲ್ಲ. “ನಾಳೆಯಿಂದ ಬೇಬಿಯಕ್ಕನ ಮನೆಗೆ ಹೋಗುವುದು ಬೇಡ” ಎಂದಾಗ ಅಂಬಿ ಅತ್ತಳು. ಅಂಬಿಗಿಂತ ಹೆಚ್ಚು ನೊಂದವಳು ಬೇಲಿಯಾಚೆ ನಿಂತು ಅದನ್ನು ಕೇಳಿಸಿಕೊಂಡ ಬೇಬಿ. ಮಗು ಬಿಟ್ಟುಹೋದ ಸ್ಲೇಟು ತಂದಿದ್ದಳು. ಗೇಟಿನ ಮೇಲಿಟ್ಟು, ಒಂದೂ ಮಾತಾಡದೆ ತಿರುಗಿ ಹೋದಳು. ಬೇಬಿ ಮಾತಾಡದೆ ಹೋದದ್ದನ್ನು ಅಲೆವೂರಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

ಮರುದಿನ ಶನಿವಾರ. ಲ್ಯಾಬಿನಲ್ಲಿ ವಾರಗಟ್ಟಲೆ ವಾಸಿಯಾಗದ ಸುಟ್ಟಗಾಯದ ರೋಗಿಯೊಬ್ಬರ ಕೀವಿನ ಪರೀಕ್ಷೆ ಇತ್ತು. ವನಜಾಕ್ಷಿ ಹಿಂದಿನ ದಿನ ಇಟ್ಟಿದ್ದ ಗಾಜಿನ ತಟ್ಟೆಯ ಮುಚ್ಚಳ ತೆಗೆದಳು. ಹಳಸಿದ ದ್ರಾಕ್ಷಿ! ಬೆಳಕಿಗೆ ಹಿಡಿದರೆ ಅದೇ ನವಿಲುಬಣ್ಣ. ಅವಳಿಗೆ ನಗು ಬಂತು, ಜೊತೆಗೆ ತನ್ನ ಮೇಲೆಯೇ ಸಿಟ್ಟೂ ಬಂತು. ವಾರಕ್ಕೊಮ್ಮೆ ಮೂಗಿಗೆ ಬರುವ ವಾಸನೆಯನ್ನು ಮೊಲದ ಕುತ್ತಿಗೆಯಲ್ಲಿ ಗುರುತಿಸಲಿಲ್ಲವಲ್ಲ! ಆವಿಯಲ್ಲಿ ಶುದ್ಧ ಮಾಡಿದ ಹತ್ತಿಕಡ್ಡಿಗಳ ಎರಡು ನಳಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಅರ್ಧ ದಿನದ ಕೆಲಸ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದಳು.

ಹೊಂಡದ ಬಳಿ ಬೇಬಿಯ ಅಣ್ಣ ಮುದ್ದಣ್ಣ ಹಾರೆ ಹಿಡಿದು ನಿಂತಿದ್ದ. ಪಕ್ಕದಲ್ಲಿ ಅರ್ಧ ತೋಡಿದ ಗುಂಡಿ, ಅದರೊಳಗೆ ಮಳೆನೀರು. ಆ ಜಾಗ, ಕಲ್ಲುಕೋರೆ, ಹಟ್ಟಿಯ ಎಂಟು ಹಸು ಎಲ್ಲ ಅವನ ಉಸ್ತುವಾರಿ.

“ನೋಡಿ ವನಜಮ್ಮ, ನೀವು ಓದಿದವರು, ನೀವೇ ಹೇಳಿ. ಇವತ್ತು ಬೆಳಿಗ್ಗೆ ಎರಡು ಸತ್ತವು. ನಾಳೆ ನನ್ನ ಹಟ್ಟಿಗೆ ಬಂದರೆ? ಎಲ್ಲವನ್ನೂ ಒಟ್ಟಿಗೆ ಹುಗಿದುಬಿಡುವಾ ಅಂತ ಹೇಳಿದ್ರೆ ಇವಳು ಕೇಳುದಿಲ್ಲ.”

ಬೇಬಿ ಹೊಂಡದ ಮೆಟ್ಟಿಲಲ್ಲಿ ಅಡ್ಡ ಕೂತಿದ್ದಳು. “ಹುಗಿಯುದಾದ್ರೆ ಮೊದಲು ನನ್ನನ್ನು ಹುಗಿ ಅಣ್ಣ.”

“ನಿನಗೆ ಈ ಗುಂಡಿ ಸಾಕಾಗ್ಲಿಕ್ಕಿಲ್ಲ ಮಾರಾಯ್ತಿ, ಇನ್ನೂ ಎರಡು ಗಜ ತೋಡಬೇಕಾದೀತು.”

ಅಳುತ್ತಿದ್ದ ಬೇಬಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದಕ್ಕೆ ಮತ್ತೆ ಸಿಟ್ಟು ಬಂದು ಅತ್ತಳು.

ವನಜಾಕ್ಷಿ ಅವಳನ್ನು ದಾಟಿ ಕೆಳಗಿಳಿದು, ಎರಡು ಮೊಲಗಳ ಕುತ್ತಿಗೆಯ ಒದ್ದೆಗೆ ಹತ್ತಿಕಡ್ಡಿ ಒತ್ತಿ ನಳಿಗೆಗೆ ಹಾಕಿ ಮುಚ್ಚಿದಳು. ಅಷ್ಟರಲ್ಲಿ ಅವಳ ಕಣ್ಣು ಮೂಲೆಯ ಕಲ್ಲಿನ ಮರಿಗೆಯ ಮೇಲೆ ಬಿತ್ತು. ಹಸು ಕುಡಿಯುವಷ್ಟು ಅಗಲದ್ದು. ತುಂಬ ಬೆಳ್ಳಗಿನ ಅಕ್ಕಚ್ಚು, ಅಕ್ಕಿ ತೊಳೆದ ನೀರಿಗೆ ಗಂಜಿಯ ತಿಳಿ, ಒಂದು ಹಿಡಿ ತೌಡು. ಒಂದು ಮೊಲ ಕುಪ್ಪಳಿಸಿ ಬಂದು ಕುಡಿಯತೊಡಗಿತು. ಬಾಯಿ ನೀರಿಗೆ ಮುಟ್ಟುವ ಮೊದಲೇ ಗದ್ದದ ಜೋಲು ಮಡಿಕೆ ಒಳಗೆ ಮುಳುಗಿತು. ತಲೆಯೆತ್ತಿದಾಗ ಗಂಜಿತಿಳಿ ಎದೆಯವರೆಗೆ ತೊಟ್ಟಿಕ್ಕಿತು.

“ಬೇಬಿಯಕ್ಕ, ಈ ಮರಿಗೆ ಯಾವಾಗ ತಂದಿಟ್ಟದ್ದು?”

“ಈ ಮಳೆಗಾಲಕ್ಕೆ. ಮೊದಲೆಲ್ಲ ಸಣ್ಣ ಚೆಂಬಿನಲ್ಲಿ ಕೊಡ್ತಿದ್ದೆ. ಹದಿನಾಲ್ಕಾದ ಮೇಲೆ ಚೆಂಬು ಎಲ್ಲಿಗೆ ಸಾಕು?”

“ಬರೀ ನೀರು ಕೊಡಬಾರದಿತ್ತಾ?”

ಬೇಬಿ ಕಣ್ಣೊರೆಸಿಕೊಂಡು ದಿಗಿಲಿನಿಂದ ನೋಡಿದಳು. “ಎಂತ ಹೇಳ್ತೀರಿ ನೀವು! ಮನೆಗೆ ಬಂದವರಿಗೆ ಬೆಲ್ಲ ಇಡದೆ ಬರೀ ನೀರು ಕೊಡ್ತಾರಾ ಯಾರಾದ್ರೂ? ಊಟಿಯಿಂದ ಬಂದವು ಬೇರೆ.”

ವನಜಾಕ್ಷಿ ಮೇಲೆ ಬಂದು ಮುದ್ದಣ್ಣನಿಗೆ ಹೇಳಿದಳು. “ಮುದ್ದಣ್ಣನವರೇ, ನನಗೊಂದು ವಾರ ಕೊಡಿ. ಇದು ಒದ್ದೆಯಲ್ಲಿ ಬದುಕುವ ಕ್ರಿಮಿ ಅಂತ ನನ್ನ ಅನುಮಾನ. ಒಣಗಿದ ಮೈಗೆ ಅಂಟಲಿಕ್ಕಿಲ್ಲ. ಸೋಮವಾರ ಖಚಿತ ಹೇಳ್ತೇನೆ.”

“ನಾಳೆಯಲ್ಲ, ಆಚೆ ಭಾನುವಾರ ಬರ್ತೇನೆ. ಅವತ್ತಿಗೆ ಒದ್ದೆ ಕುತ್ತಿಗೆಯದ್ದು ಒಂದು ಇದ್ದರೂ ಎಲ್ಲ ಗುಂಡಿಗೆ. ಆಯ್ತಾ ಬೇಬೀ?”

ಬೇಬಿ ಅಣ್ಣನ ಮುಖ ನೋಡಿ ಆಯ್ತು ಎಂದು ತಲೆಯಾಡಿಸಿದಳು. ಕೊಟ್ಟ ಮಾತಿಗೆ ತಪ್ಪುವ ಮನೆತನವಲ್ಲ ಅದು. ಹಾಗಾಗಿಯೇ ವನಜಾಕ್ಷಿಗೆ ಭಯವಾದದ್ದು.

ಮುಂದಿನ ಬಸ್ಸಿನಲ್ಲೇ ಮತ್ತೆ ಮಣಿಪಾಲಕ್ಕೆ ಹೋಗಿ, ಹತ್ತಿಕಡ್ಡಿಗಳನ್ನು ತಟ್ಟೆಗೆ ಉಜ್ಜಿ ಬೆಚ್ಚಗಿನ ಪೆಟ್ಟಿಗೆಯೊಳಗಿಟ್ಟು ಬಂದಳು. ಸೋಮವಾರ ಬೆಳಿಗ್ಗೆ ಎರಡೂ ತಟ್ಟೆ ಹಸಿರೋ ಹಸಿರು.

“ಯಾವ ವಾರ್ಡಿನದ್ದು?” ಎಂದು ಕೇಳಿದರು ಲ್ಯಾಬಿನ ಡಾಕ್ಟರು.

“ಅಲೆವೂರಿನ ಮೊಲದ್ದು ಸರ್.”

ಡಾಕ್ಟರು ಕನ್ನಡಕ ತೆಗೆದು ನಕ್ಕರು. ಆಮೇಲೆ ಕೂರಿಸಿ ವಿವರವಾಗಿಯೇ ಹೇಳಿದರು. ಇದು ಸೂಡೋಮೊನಾಸ್. ನೀರಿನ ಕ್ರಿಮಿ. ಸದಾ ನೆನೆದ ಚರ್ಮ ಸಿಕ್ಕಿದರೆ ಅಲ್ಲೇ ಬಿಡಾರ ಹೂಡಿ ತನ್ನ ಬಣ್ಣ ಬಳಿಯುತ್ತದೆ. ಕೂದಲು ಕತ್ತರಿಸಿ ಚೆನ್ನಾಗಿ ಒಣಗಿಸಿ. ಎಣ್ಣೆ ಹಚ್ಚಲೇಬೇಡಿ, ಅದು ಒದ್ದೆಯನ್ನು ಒಳಗೇ ಹಿಡಿದಿಡುತ್ತದೆ. ಇದಕ್ಕೆ ಹುಳಿ ಕಂಡರಾಗದು. ಗಾಯಕ್ಕೆ ತೆಳು ವಿನೆಗರ್ ಹಾಕಿ ತೊಳೆಯುವ ಕ್ರಮ ನಮ್ಮಲ್ಲೂ ಉಂಟು. ಗಟ್ಟಿಮುಟ್ಟಾದ ಮಕ್ಕಳ ಮೈಗೆ ಸುಲಭಕ್ಕೆ ಹತ್ತುವುದಿಲ್ಲ, ಕೈಯಲ್ಲಿ ಗಾಯವಿಲ್ಲದಿದ್ದರೆ ಸೋಪು ಸಾಕು.

ಕೊನೆಯ ಮಾತು ಕೇಳಿ ವನಜಾಕ್ಷಿಯ ಎದೆಯಿಂದ ಒಂದು ಕಲ್ಲು ಇಳಿಯಿತು. ಸಂಜೆ ಮೊದಲು ಅಂಬಿಯ ಎರಡೂ ಅಂಗೈ ನೋಡಿದಳು, ಆಮೇಲೆ ಅವಳನ್ನೇ ಮುಂದೆ ಬಿಟ್ಟುಕೊಂಡು ಬೇಬಿಯ ಮನೆಗೆ ಹೋದಳು. ಬೇಬಿ ಮಗುವನ್ನು ಕಂಡದ್ದೇ, “ಬಂದ್ರಾ ದೊಡ್ಡ ಜನ! ಮೂರು ದಿನ ಎಲ್ಲಿ ಹೋಗಿದ್ರಿ?” ಎಂದು ಮೊಲಗಳಿಗೆ ಹೇಳುವ ಬಹುವಚನದಲ್ಲೇ ಕೇಳಿ ಬಾಚಿ ಎತ್ತಿಕೊಂಡಳು.

ವಿನೆಗರ್ ತಂದುಕೊಟ್ಟವಳು ಕಾಪುವಿನ ಆಲಿಸ್ ಬಾಯಿ. ತೆಂಗಿನ ಕಳ್ಳಿನದ್ದು, ಮನೆಯಲ್ಲೇ ಹುಳಿ ಬರಿಸಿದ್ದು, ಎರಡು ದೊಡ್ಡ ಬಾಟಲಿ. ಬಸ್ಸಿನಿಂದ ಇಳಿದವಳೇ, “ಹಂದಿ ಮಾಂಸಕ್ಕೆ ಅಂತ ಇಟ್ಟದ್ದು, ಈಗ ಮೊಲಕ್ಕೆ! ನೋಡು ಬೇಬಿ, ಉಪ್ಪು ಮೆಣಸು ಎಲ್ಲ ಹಾಕಬೇಡ ಮತ್ತೆ, ಊರಿಡೀ ಪರಿಮಳ ಬಂದೀತು” ಎಂದಳು. ಬೇಬಿ ಅವಳ ಬೆನ್ನಿಗೊಂದು ಗುದ್ದಿದಳು.

ಕೆಲಸ ಶುರುವಾಯಿತು. ಮೊದಲು ಕತ್ತರಿ. ಮೂರು ತಿಂಗಳು ಬೆಳೆಸಿದ ಕೂದಲನ್ನು ಬುಡಕ್ಕೆ ಕತ್ತರಿಸುವಾಗ ಬೇಬಿಯ ಬಾಯಿ “ಕ್ಷಮಿಸಿ, ಕ್ಷಮಿಸಿ” ಎನ್ನುತ್ತಲೇ ಇತ್ತು. ಕತ್ತರಿಸಿದ್ದನ್ನೆಲ್ಲ ಒಲೆಗೆ ಹಾಕಿ ಸುಟ್ಟರು. ಒಂದು ಪಾಲು ವಿನೆಗರಿಗೆ ನಾಲ್ಕು ಪಾಲು ಕುದಿಸಿ ಆರಿಸಿದ ನೀರು ಬೆರೆಸಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ತೊಳೆದರು. ತೊಳೆಯುವುದು ಸುಲಭ. ಆ ಮಳೆಯಲ್ಲಿ ಒಣಗಿಸುವುದು ಹೇಗೆ?

ಅದನ್ನು ವನಜಾಕ್ಷಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಬಿಯನ್ನು ಹೆತ್ತದ್ದು ಜುಲೈಯಲ್ಲಿ. ಬಾಣಂತಿ ಕೋಣೆಯಲ್ಲಿ ತೆಂಗಿನ ಗೆರಟೆಯ ಕೆಂಡದ ಮೇಲೆ ಬಿದಿರಿನ ದೊಡ್ಡ ಬುಟ್ಟಿ ಕವುಚಿ, ಅದರ ಮೇಲೆ ಮಗುವಿನ ಬಟ್ಟೆ ಹರವಿ ಒಣಗಿಸಿ ಒಣಗಿಸಿ ಅವಳ ಅಮ್ಮನ ಸೊಂಟ ಬಿದ್ದಿತ್ತು. ಅದೇ ಬುಟ್ಟಿಯನ್ನು ಅಟ್ಟದಿಂದ ಇಳಿಸಿದಳು. ಅಂಬಿಯ ಹಳೆಯ ತೆಳು ಮಲ್‌ಬಟ್ಟೆಗಳನ್ನು ಕುದಿಸಿ, ಬುಟ್ಟಿಯ ಮೇಲೆ ಬೆಚ್ಚಗೆ ಮಾಡಿ, ಒಂದೊಂದನ್ನು ಒಂದೊಂದು ಮೊಲದ ಕುತ್ತಿಗೆಗೆ ಒತ್ತಿ ಹಿಡಿಯುವುದು. ಒಂದರದ್ದು ಇನ್ನೊಂದಕ್ಕೆ ಮುಟ್ಟಿಸುವಂತಿಲ್ಲ. ಕಾಯಿಲೆ ಹತ್ತದವನ್ನೂ ಬಿಡದೆ ಹನ್ನೆರಡು ಮೊಲ, ಹನ್ನೆರಡು ಬಟ್ಟೆ. ಅಂಬಿಗೆ ಕೊಟ್ಟ ಕೆಲಸ, ದೂರ ಕೂತು ಯಾವ ಬಟ್ಟೆ ಯಾರದು ಎಂದು ನೆನಪಿಟ್ಟುಕೊಳ್ಳುವುದು. ಅವಳು ಒಂದು ಸಲವೂ ತಪ್ಪಲಿಲ್ಲ.

ನೀರಿಗೆ ಲ್ಯಾಬಿನ ಪ್ರಾಣಿಗೂಡಿನ ಉಪಾಯ. ಖಾಲಿ ಗ್ಲೂಕೋಸ್ ಬಾಟಲಿಗಳನ್ನು ಕೇಳಿ ತಂದು ತೊಳೆದು, ಬರ್ನರಿನ ಉರಿಯಲ್ಲಿ ಗಾಜಿನ ಕೊಳವೆ ಬಾಗಿಸಿ ಬಿರಡೆಗೆ ಸಿಕ್ಕಿಸಿ, ಮಾಡಿನಿಂದ ಇಳಿಬಿಟ್ಟ ಸರಿಗೆಗೆ ತಲೆಕೆಳಗಾಗಿ ಕಟ್ಟಿದಳು. ಮೊಲ ನೆಕ್ಕಿದರೆ ಒಂದು ಹನಿ, ಬಿಟ್ಟರೆ ಇಲ್ಲ. ಕುತ್ತಿಗೆಗೆ ನೀರು ತಾಗುವುದೇ ಇಲ್ಲ. ಅದನ್ನು ಕಂಡ ಯಾರೋ ಬಸ್‌ಸ್ಟ್ಯಾಂಡಿನಲ್ಲಿ ಬೇಬಿಯ ಮೊಲಗಳಿಗೆಲ್ಲ ಮಣಿಪಾಲದಿಂದ ಡ್ರಿಪ್ ಹಾಕಿದ್ದಾರೆಂದು ಸುದ್ದಿ ಹಬ್ಬಿಸಿದರು. ಮರುದಿನ ಜನ ಆಸ್ಪತ್ರೆಗೆ ಬಂದ ಹಾಗೆ ಬಂದು ಹೋದರು. ಒಬ್ಬರಂತೂ ಮುಸುಂಬಿ ತಂದಿದ್ದರು.

“ಬರೀ ನೀರೇ ಕೊಡುದಾ ವನಜಮ್ಮ?” ಎಂದು ಬೇಬಿ ಆಗಾಗ ಸಂಕಟಪಡುತ್ತಿದ್ದಳು.

“ಬರೀ ನೀರೇ.”

“ಮನಸ್ಸು ಕೇಳುದಿಲ್ಲ.”

“ಬೆಲ್ಲ ನೀವು ತಿನ್ನಿ, ನೀರು ಅವು ಕುಡಿಯಲಿ.”

ಗುರುವಾರದ ಹೊತ್ತಿಗೆ ಹೊಸ ನೀಲಿ ಕಾಣಲಿಲ್ಲ. ಶುಕ್ರವಾರ ಐದರ ಚರ್ಮ ಒಣಗಿ ಗುಲಾಬಿಯಾಯಿತು. ಶನಿವಾರ ಸಂಜೆ ಒಂದನ್ನು ಬಿಟ್ಟು ಉಳಿದವೆಲ್ಲ ಒಣ. ಆ ಒಂದು, ಊಟಿಯಿಂದ ಬಂದ ಮೊದಲಿನ ಜೋಡಿಯ ಹೆಣ್ಣು, ಉಳಿದವುಗಳ ಅಮ್ಮನೋ ಅಜ್ಜಿಯೋ ಆಗಬೇಕು. ಗದ್ದದ ಮಡಿಕೆ ಅದಕ್ಕೇ ದೊಡ್ಡದು. ಮಡಿಕೆಯೊಳಗೆ ಬೆರಳಗಲದ ಜಾಗ ಇನ್ನೂ ಪಸೆಯಾಗಿತ್ತು. ಒಂದು ಇದ್ದರೂ ಎಲ್ಲ ಗುಂಡಿಗೆ ಎಂದಿದ್ದ ಮುದ್ದಣ್ಣ. ಬೇಬಿ ಆಯ್ತು ಎಂದಿದ್ದಳು.

ಭಾನುವಾರ ಬೆಳಿಗ್ಗೆ ಮುದ್ದಣ್ಣ ಹಾರೆ ಹಿಡಿದೇ ಬಂದ. ಒಂದೊಂದನ್ನೇ ಎತ್ತಿ ಕುತ್ತಿಗೆಗೆ ಬೆರಳಿಟ್ಟು, ಬೆರಳನ್ನು ಮೂಗಿಗೆ ಹಿಡಿದು ನೋಡಿದ. ಹನ್ನೊಂದನ್ನೂ ಒಣಗಿದೆಯೆಂದು ಕೆಳಗೆ ಬಿಟ್ಟ. ಹನ್ನೆರಡನೆಯದನ್ನು ಬೇಬಿಯೇ ತಂದು ಅವನ ತೊಡೆಯ ಮೇಲಿಟ್ಟಳು.

“ಇದು ಒದ್ದೆ ಉಂಟು ಅಣ್ಣ. ಮುಚ್ಚಿಡುವುದಿಲ್ಲ. ಮಾತು ಮಾತೇ. ನೀನೇ ನೋಡು.”

ಮುದ್ದಣ್ಣ ಮಡಿಕೆ ಬಿಡಿಸಿದ, ಮೂಸಿದ, ಬೆಳಕಿಗೆ ತಿರುಗಿಸಿದ. ವಾರವಿಡೀ ಇಂಥದ್ದಕ್ಕೆ ಅಭ್ಯಾಸವಾಗಿದ್ದ ಆ ಮುದಿ ಮೊಲ, ಬೆಚ್ಚಗಿನ ತೊಡೆ ಸಿಕ್ಕಿತೆಂದು ಕೈಕಾಲು ಚಾಚಿ ಅಲ್ಲೇ ನಿದ್ದೆ ಹೋಯಿತು. ಮುದ್ದಣ್ಣ ಅಲುಗಾಡದೆ ಕೂತ. ಐದು ನಿಮಿಷ ಕಳೆಯಿತು, ಹತ್ತಾಯಿತು.

“ಇದನ್ನು ಎತ್ತು ಮಾರಾಯ್ತಿ, ನನಗೆ ಹಾಲು ಕೊಡ್ಲಿಕ್ಕೆ ಹೋಗ್ಲಿಕ್ಕುಂಟು.”

“ನಿನಗೆ ಬೇಕಾದ್ರೆ ನೀನೇ ಎತ್ತು. ಗುಂಡಿ ಅಲ್ಲೇ ಉಂಟಲ್ಲ.”

ಮುದ್ದಣ್ಣ ಗುಂಡಿಯ ಕಡೆ ನೋಡಿದ, ಮೊಲದ ಕಡೆ ನೋಡಿದ. “ಬೇರೆ ಗೂಡಿನಲ್ಲಿಡು ಇದನ್ನು. ಹಟ್ಟಿಯಿಂದ ದೂರ” ಎಂದ ತಗ್ಗಿದ ದನಿಯಲ್ಲಿ, ಮಲಗಿದ್ದನ್ನು ಎಬ್ಬಿಸಬಾರದೆಂಬಂತೆ. “ಇನ್ನೊಂದು ವಾರ.”

ಆ ಇನ್ನೊಂದು ವಾರದಲ್ಲಿ ಅದೂ ಒಣಗಿತು. ಗುಂಡಿಗೆ ಮುದ್ದಣ್ಣ ಬಾಳೆಯ ಕಂದು ನೆಟ್ಟ.

ನವರಾತ್ರಿಯ ಹೊತ್ತಿಗೆ ಮೊಲಗಳ ಕುತ್ತಿಗೆಯಲ್ಲಿ ಹೊಸ ಕೂದಲು ಬಂತು, ಬೆಳ್ಳಗೆ, ಸ್ವಲ್ಪ ಗುಂಗುರಾಗಿ. ಒಂದು ಸಂಜೆ ಅಂಬಿಯನ್ನು ಕರೆದೊಯ್ಯಲು ಬಂದ ವನಜಾಕ್ಷಿಗೆ ಬೇಬಿ ಬೆಲ್ಲ, ನೀರು ತಂದಿಟ್ಟು ಎದುರಿಗೆ ಕೂತಳು. ಸೆರಗಿನ ಅಂಚು ಬೆರಳುಗಳ ನಡುವೆ ಸುರುಳಿಯಾಗುತ್ತಿತ್ತು. ಏನೋ ಕೇಳುವುದಿದೆ ಎಂದು ವನಜಾಕ್ಷಿಗೆ ಗೊತ್ತಾಯಿತು.

“ಎಂತ ಬೇಬಿಯಕ್ಕ?”

“ಏನಿಲ್ಲ. ನಗಬಾರದು ಮತ್ತೆ.”

“ಇಲ್ಲ, ಹೇಳಿ.”

“ಹದಿನೈದು ದಿನ ಅದರ ಜೊತೆ ಗುದ್ದಾಡಿದೆ ಅಲ್ವಾ? ನನ್ನ ಎರಡನ್ನು ತೆಗೆದುಕೊಂಡು ಹೋಯ್ತು. ಆದ್ರೆ ಅದರ ಮೋರೆ ನಾನು ಕಂಡದ್ದೇ ಇಲ್ಲ. ನಿಮ್ಮ ಲ್ಯಾಬಿನಲ್ಲಿ ಕೊಳವೆ ಉಂಟಂತಲ್ಲ, ಒಂದು ಕಣ್ಣು ಮುಚ್ಚಿ ನೋಡುವಂಥದ್ದು. ನಾನೊಂದು ಒಳ್ಳೆಯ ಸೀರೆ ಉಟ್ಟುಕೊಂಡು ಬರ್ತೇನೆ, ಒಂದು ಮಾತೂ ಆಡುವುದಿಲ್ಲ. ಒಂದು ದಿನ ನನ್ನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಆ ಹುಳವನ್ನು ಒಮ್ಮೆ ತೋರಿಸ್ತೀರಾ ವನಜಮ್ಮ?”